ನನ್ನ ಬದಲಿಗೆ ತೋರಿಸಿದ ಶುಭಂ

ನಾನು ಒಂದು ಸಿನಿಮಾದ ಕಡೆಯ ರೀಲು. ಇಡೀ ಸಿನಿಮಾ ಅಲ್ಲ, ಬರೀ ಕಡೆಯ ರೀಲು. ಮದುವೆಯ ಊಟಕ್ಕೆ ಮಾಡಿಟ್ಟ ಹೋಳಿಗೆಯನ್ನು ಒಳಮನೆಯಲ್ಲೇ ಮರೆತು ಪಂಕ್ತಿ ಎಬ್ಬಿಸಿದರೆ ಹೇಗೆ, ಹಾಗೆ ನನ್ನನ್ನು ಡಬ್ಬಿಯಲ್ಲೇ ಬಿಟ್ಟು ಗದಗಿನ ಜನ ವರ್ಷಗಟ್ಟಲೆ ಸಿನಿಮಾ ನೋಡಿದರು. ಹೊಟ್ಟೆಕಿಚ್ಚೇ ಅಂದರೆ, ಹೌದು ಮಾರಾಯರೇ, ಹೊಟ್ಟೆಕಿಚ್ಚೇ.

ನಾನು ಹುಟ್ಟಿದ್ದು ಇಟಲಿಯಲ್ಲಿ. ಅಲ್ಲಿನ ಹರೆಯದ ಹುಡುಗ ಹುಡುಗಿಯರಿಗೆಂದೇ ತೆಗೆದ ಚಿತ್ರ ನಮ್ಮದು, ಅರ್ಧ ಪ್ರೀತಿ, ಅರ್ಧ ದೆವ್ವ. ಸರೋವರದ ದಂಡೆಯ ಒಂದು ಊರು. ಮಾರ್ಕೊ ಎಂಬ ಹುಡುಗ ನೀರಲ್ಲಿ ಮುಳುಗಿ ಸಾಯುತ್ತಾನೆ. ಅವನನ್ನು ಪ್ರೀತಿಸಿದ ಎಲೆನಾ ಕಿಟಕಿಯಲ್ಲಿ ದೀಪ ಹಚ್ಚಿಟ್ಟರೆ ಸಾಕು, ಮೈಯಿಂದ ನೀರು ಸುರಿಸುತ್ತ ಎದ್ದು ಬರುತ್ತಾನೆ. ನೋಡುವವರು ಒಮ್ಮೆ ಕಿರುಚಬೇಕು, ಒಮ್ಮೆ ನಾಚಬೇಕು. ಐದನೆಯ ರೀಲಿನ ಕೊನೆಯಲ್ಲಿ ಇಬ್ಬರೂ ಪಾಳು ಬಂಗಲೆಯಲ್ಲಿ ಕೈಕೈ ಹಿಡಿದು ಕುಣಿಯುತ್ತಾರೆ. ಅದರ ಮುಂದಿನ ಕಥೆ ನನ್ನ ಹೊಟ್ಟೆಯಲ್ಲಿದೆ. ಸ್ವಲ್ಪ ತಡೆಯಿರಿ, ಹೇಳುತ್ತೇನೆ.

ಮುಂಬಯಿಯ ಒಂದು ಕಂಪನಿ ನಮ್ಮನ್ನು ಕೊಂಡು ಗದಗಿಗೆ ಕಳಿಸಿತು. ಅಲ್ಲಿ ಚಂದ್ರಕಾಂತ ಟಾಕೀಸು. ಅದರ ಮಾಲೀಕರದೇ ಇನ್ನೊಂದು ಟಾಕೀಸು ಬೆಟಗೇರಿಯಲ್ಲಿ. ಎರಡು ಟಾಕೀಸಿಗೆ ಚಿತ್ರದ ಪ್ರತಿ ಮಾತ್ರ ಒಂದೇ. ಹಾಗಾಗಿ ಗದಗಿನಲ್ಲಿ ಒಂದೊಂದು ರೀಲು ಮುಗಿದ ಹಾಗೆ ಡಬ್ಬಿಗೆ ಹಾಕಿ, ಸೈಕಲ್ ಮೇಲೆ ಬೆಟಗೇರಿಗೆ ಓಡಿಸುವುದು. ಹೀಗೆ ಓಡಿಸುತ್ತಿದ್ದವನು ಸಂಗಣ್ಣ, ಪ್ರೊಜೆಕ್ಟರ್ ನಡೆಸುವ ಫಕೀರಪ್ಪನ ಒಬ್ಬನೇ ಮಗ. ತಾಯಿಯಿಲ್ಲದ ಹುಡುಗ. ಫಕೀರಪ್ಪನ ತಂಗಿಯ ಮಗಳು ನೀಲವ್ವನನ್ನು ಅವನಿಗೆಂದು ತೊಟ್ಟಿಲಲ್ಲೇ ಗೊತ್ತು ಮಾಡಿದ್ದರು. ಹಿರಿಯರು ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ಅವರಿಬ್ಬರೇ ಗೊತ್ತು ಮಾಡಿಕೊಂಡಿದ್ದರು. ಎಷ್ಟೇ ಅವಸರವಿದ್ದರೂ ಸಂಗಣ್ಣ ಅವಳ ಮನೆ ಮುಂದೆ ಸೈಕಲ್ ಗಂಟೆ ಬಾರಿಸದೆ ಹೋಗುತ್ತಿರಲಿಲ್ಲ. ಅವಳು ತಂಬಿಗೆ ನೀರು ಹಿಡಿದು ಕಟ್ಟೆಗೆ ಬರುತ್ತಿದ್ದಳು. ಇಟಲಿಯ ಸಿನಿಮಾ ಬಂದಾಗ ಭಾನುವಾರ ಕೂಡಿ ನೋಡೋಣ ಎಂದು ಇಬ್ಬರ ನಡುವೆ ಮಾತಾಗಿತ್ತು.

ಆ ಭಾನುವಾರ ಬರಲಿಲ್ಲ. ಮೊದಲ ದಿನ, ಮೊದಲ ಆಟ. ಗದಗಿನಲ್ಲಿ ನನ್ನನ್ನು ತೋರಿಸಿ ಮುಗಿಸಿ, ಡಬ್ಬಿ ಮುಚ್ಚಿ, ಫಕೀರಪ್ಪ ಮಗನ ಕೈಗೆ ಕೊಟ್ಟ. ಲಗೂ ಹೋಗು ಎಂದ. ಸಂಗಣ್ಣ ಲಗೂ ಹೋದ. ರೈಲ್ವೆ ಗೇಟಿನ ತಿರುವಿನಲ್ಲಿ ಹತ್ತಿಕಾಳು ತುಂಬಿದ ಲಾರಿ ಎದುರು ಬಂತು. ನಾನು ಡಬ್ಬಿ ಸಮೇತ ಗಟಾರಕ್ಕೆ ಬಿದ್ದೆ, ಅವನು ರಸ್ತೆಗೆ ಬಿದ್ದ. ಅಲ್ಲೇ ಜೀವ ಹೋಯಿತು. ಬೆಟಗೇರಿಯ ಜನ ಮಾತ್ರ ರೀಲು ಬರಲಿಲ್ಲವೆಂದು ಸೀಟಿ ಹೊಡೆಯುತ್ತಲೇ ಇದ್ದರಂತೆ.

ಡಬ್ಬಿಗೆ ಒಂದು ನೆಗ್ಗು ಬಿತ್ತು, ನನಗೇನೂ ಆಗಲಿಲ್ಲ. ಆದರೂ ಫಕೀರಪ್ಪ ನನ್ನನ್ನು ಮತ್ತೆ ಮುಟ್ಟಲಿಲ್ಲ. ಮುಂಬಯಿಯ ಕಂಪನಿ ಬಾಗಿಲು ಹಾಕಿದ್ದರಿಂದ ಚಿತ್ರ ಗದಗಿನಲ್ಲೇ ಉಳಿಯಿತು. ಕಾಲೇಜು ಹುಡುಗರಿಗೆ ಭಾನುವಾರ ಬೆಳಗಿನ ಆಟಕ್ಕೆ ಇದನ್ನೇ ಹಾಕು ಎಂದರು ಮಾಲೀಕರು. ಅವನು ಐದು ರೀಲು ಹಾಕಿದ. ಆರನೆಯದಕ್ಕೆ ಕೈ ಏಳಲಿಲ್ಲ. ಸಾಬೂನಿನ ಜಾಹೀರಾತು ತೋರಿಸುವ ಗಾಜಿನ ಸ್ಲೈಡುಗಳಿದ್ದವಲ್ಲ, ಅಂಥದೊಂದು ಗಾಜಿಗೆ ಚಿಮಣಿಯ ಮಸಿ ಹಿಡಿಸಿ, ಸೂಜಿಯಿಂದ 'ಶುಭಂ' ಎಂದು ಕೆತ್ತಿ, ಕುಣಿತ ಮುಗಿದ ಕೂಡಲೇ ಅದನ್ನು ತೆರೆಯ ಮೇಲೆ ಬಿಟ್ಟ. ಭಾಷೆ ಯಾರಿಗೆ ತಿಳಿಯಬೇಕು? ಸತ್ತವನು ತಿರುಗಿ ಬಂದ, ಕುಣಿದ, ಶುಭಂ. ಇಟಲಿಯವರೂ ನಮ್ಮ ಹಾಗೇ ಶುಭಂ ಹಾಕುತ್ತಾರೆ ಎಂದುಕೊಂಡು ಹುಡುಗರು ಖುಷಿಯಿಂದ ಎದ್ದು ಹೋದರು. ಒಂದು ಮಸಿ ಬಡಿದ ಗಾಜಿನ ತುಂಡು ನನ್ನ ಜಾಗ ಹಿಡಿಯಿತು.

ಎದ್ದು ಹೋಗದವಳು ನೀಲವ್ವ ಒಬ್ಬಳೇ. ಪ್ರತಿ ಭಾನುವಾರ ಬರುತ್ತಿದ್ದಳು, ಹೆಂಗಸರ ಸಾಲಿನ ಮೊದಲ ಕುರ್ಚಿ. ಶುಭಂ ಆರುವ ತನಕ ಕೂತಿರುತ್ತಿದ್ದಳು. ಆಮೇಲೆ ಮಾವ ಫಕೀರಪ್ಪನಿಗೆ ತಂದ ಬುತ್ತಿ ಬಿಚ್ಚುತ್ತಿದ್ದಳು. ಇಬ್ಬರೂ ರೊಟ್ಟಿ ತಿನ್ನುವರು. ಫಕೀರಪ್ಪನಿಗೆ ವಾರದಲ್ಲಿ ಅದೊಂದೇ ಊಟ ರುಚಿಸುತ್ತಿತ್ತು.

ಒಂದು ದಿನ ಅವನ ತಂಗಿ, ನೀಲವ್ವನ ತಾಯಿ ಗಂಗವ್ವ ಪ್ರೊಜೆಕ್ಟರ್ ಕೋಣೆಗೇ ಹತ್ತಿ ಬಂದಳು. ಕೊಪ್ಪಳದಿಂದ ಒಳ್ಳೆಯ ಸಂಬಂಧ ಬಂದಿದೆ, ಹುಡುಗಿ ಒಲ್ಲೆ ಅನ್ನುತ್ತಾಳೆ, ದಿನಾ ಸಂಜೆ ಕಿಟಕಿಯಲ್ಲಿ ದೀಪ ಹಚ್ಚಿಟ್ಟು ಕೂರುತ್ತಾಳೆ ಎಂದಳು. ಯಾಕೆಂದು ಕೇಳಿದರೆ, ಸಿನಿಮಾದ ಆ ಹುಡುಗಿ ಹಚ್ಚಿದ್ದಕ್ಕೇ ಅವನು ಬಂದನಲ್ಲ, ನಾನೂ ಹಚ್ಚುತ್ತೇನೆ ಅನ್ನುತ್ತಾಳಂತೆ.

"ಅಣ್ಣಾ, ಒಂದು ಕೂಸು ಹೋತು. ಇದೊಂದಾದ್ರೂ ಉಳೀಲಿ," ಎಂದು ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಅವಳು ಇಳಿದು ಹೋದ ಮೇಲೆ ಫಕೀರಪ್ಪ ಆ ಶುಭಂ ಗಾಜನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದ. ನನಗೆ ಅವನ ಸಂಕಟ ಗೊತ್ತಾಯಿತು. ಹುಡುಗಿಯನ್ನು ಬಿಟ್ಟುಕೊಟ್ಟರೆ ತನ್ನನ್ನು ಬಿಟ್ಟು ಸಂಗಣ್ಣನ ಹೆಸರು ಹೇಳುವವರು ಇನ್ನೊಬ್ಬರಿಲ್ಲ.

ಮುಂದಿನ ಭಾನುವಾರ ಹುಡುಗರೆಲ್ಲ ಹೊರಗೆ ಹೋದ ಮೇಲೆ, ನೀಲವ್ವಾ, ಇನ್ನಷ್ಟು ಐತಿ, ಕೂಡು ಎಂದ. ನೆಗ್ಗಿದ ಡಬ್ಬಿಯ ಮುಚ್ಚಳ ಸುಲಭಕ್ಕೆ ಬರಲಿಲ್ಲ. ತೋರಿಸು ತೋರಿಸು ಎಂದು ಇಷ್ಟು ವರ್ಷ ಹಪಹಪಿಸಿದ ನನಗೇ ಆಗ ಬೇಡವಾಗಿತ್ತು.

ನನ್ನ ಹೊಟ್ಟೆಯಲ್ಲಿರುವುದು ಇಷ್ಟೇ. ಎಲೆನಾ ಒಂದು ಸಂಜೆ ದೀಪ ಹಚ್ಚಿಟ್ಟು, ಮಾರ್ಕೊನಿಗೆ ಕಾಣದ ಹಾಗೆ ಸರೋವರದ ಮೆಟ್ಟಿಲ ಬಳಿ ನಿಲ್ಲುತ್ತಾಳೆ. ದೀಪ ಕಂಡಾಗಲೆಲ್ಲ ಅವನು ಮಂಜುಗಟ್ಟಿದ ನೀರನ್ನು ಒಡೆದುಕೊಂಡು ಮೇಲೆ ಬರಬೇಕು. ಉಗುರಲ್ಲಿ ರಕ್ತ, ತುಟಿ ನೀಲಿ, ಮೈಯೆಲ್ಲ ನಡುಕ. ಅವಳ ಮುಂದೆ ಬಂದಾಗ ಮಾತ್ರ ನಗುತ್ತಾನೆ. ಅದನ್ನು ಕಂಡು ಎಲೆನಾ ಮನೆಗೆ ಓಡಿ ದೀಪ ಆರಿಸುತ್ತಾಳೆ. ಅವನು ಮೆಟ್ಟಿಲಿಳಿದು ನೀರಿಗೆ ಹೋಗುತ್ತಾನೆ. ತಿರುಗಿ ನೋಡುವುದಿಲ್ಲ. ಮುಗಿಯಿತು.

ಫಕೀರಪ್ಪ ತೆರೆಯ ಕಡೆ ನೋಡಲೇ ಇಲ್ಲ, ಕೋಣೆಯ ಕಿಂಡಿಯಿಂದ ಸೊಸೆಯಾಗಬೇಕಿದ್ದವಳನ್ನೇ ನೋಡುತ್ತಿದ್ದ. ಮೊದಲ ದಿನವೂ ಅವನು ನೋಡಿರಲಿಲ್ಲ. ಮಗನಿಗೆ ಕೊಡಬೇಕಾದ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿದ್ದ. ಕಡೆಗೆ ಆ ಹುಡುಗಿ ದೀಪ ಆರಿಸುತ್ತಾಳೆ ಎಂದು ನೋಡಿದವರು ಹೇಳಿದ್ದಷ್ಟೇ ಅವನಿಗೆ ಗೊತ್ತಿತ್ತು.

ತೆರೆ ಬರೀ ಬೆಳ್ಳಗಾಯಿತು. ನೀಲವ್ವ ತಿರುಗದೆಯೇ ಕೇಳಿದಳು:

"ನಾ ಕರದಾಗೆಲ್ಲ ಆತಗ ಹಿಂಗ ತ್ರಾಸ ಆಗತಿತ್ತೇನ್ರೀ ಮಾವಾ?"

ಅವಳು ಮುಖ ಒರೆಸಿಕೊಂಡು ಎದ್ದು ನಿಂತಳು.

"ಶುಭಂ ಹಾಕ್ರಿ ಮಾವಾ."

ಅವನು ಹಾಕಿದ. ಮಸಿಯ ನಡುವೆ ಆ ಸೊಟ್ಟ ಅಕ್ಷರ ಬೆಳಗಿತು. ಅವಳು ಅದಕ್ಕೆ ಕೈ ಮುಗಿದು ಹೊರಟಳು. ಆ ಸಂಜೆ ಅವಳ ಕಿಟಕಿಯಲ್ಲಿ ದೀಪ ಇರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಕೊಪ್ಪಳಕ್ಕೆ ಸೊಸೆಯಾಗಿ ಹೋದಳು. ಅಕ್ಷತೆ ಹಾಕಿ ಬಂದ ಫಕೀರಪ್ಪ ಭಾನುವಾರದ ಬುತ್ತಿ ತಾನೇ ಕಟ್ಟಿಕೊಂಡು ಬಂದ, ಬಿಚ್ಚದೆ ಮನೆಗೆ ಒಯ್ದ.

ಟಾಕೀಸು ಮುಚ್ಚಿತು. ಐದು ರೀಲುಗಳನ್ನು ಗುಜರಿಯವನು ಒಯ್ದ. ನಾನೂ ಆ ಗಾಜೂ ಒಂದೇ ಡಬ್ಬಿಯಲ್ಲಿ ಫಕೀರಪ್ಪನ ಮಂಚದ ಕೆಳಗೆ ಸೇರಿದೆವು. ವರ್ಷ ಕಳೆದ ಹಾಗೆ ನನ್ನ ಮೈ ಮುದುರಿತು, ಹುಳಿ ವಾಸನೆ ಹಿಡಿಯಿತು. ಅವನಿಗೂ ಕಣ್ಣು ಹೋಯಿತು. ಅವನು ಹಾಸಿಗೆ ಹಿಡಿದಾಗ ನೀಲವ್ವ ಮಗಳೊಂದಿಗೆ ಬಂದು ತಿಂಗಳುಗಟ್ಟಲೆ ಗಂಜಿ ಕುಡಿಸಿದಳು. ಒಂದು ಮಧ್ಯಾಹ್ನ ಅವನು ಅವಳ ಕೈ ಹುಡುಕಿ ಹಿಡಿದ.

"ನೀಲವ್ವಾ, ಆವತ್ತು ನಾ ನೋಡಲಿಲ್ಲ. ಹೋಗೋ ಮುಂದ ಆ ಹುಡುಗ ಹೊಳ್ಳಿ ನೋಡಿದನೇನವಾ?"

"ನೋಡಿದ್ನರಿ ಮಾವಾ," ಎಂದಳು ಅವಳು. "ನಕ್ಕೊಂತ ನೋಡಿದ."

ಅವನು ಆ ವಾರವೇ ಹೋದ. ಈಗ ನಾನು ಕೊಪ್ಪಳದಲ್ಲಿ ನೀಲವ್ವನ ಮನೆಯ ಅಟ್ಟದ ಮೇಲಿದ್ದೇನೆ, ಪಕ್ಕದಲ್ಲಿ ಆ ಗಾಜು. ಅದರ ಮೇಲೆ ಮೊದಲಿನ ಸಿಟ್ಟಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸುವವನು ನಾನೊಬ್ಬನೇ ಎಂದು ಬೀಗುತ್ತಿದ್ದೆ. ಮಾರ್ಕೊ ತಿರುಗಿ ನೋಡುವ ಚಿತ್ರ ನನ್ನಲ್ಲಿ ಒಂದೂ ಇಲ್ಲ. ಒಂದಾದರೂ ಇರಬಾರದಿತ್ತೇ ಎಂದು ಈಗ ಅನಿಸುತ್ತದೆ.