ತಿದ್ದಿ ಬರೆದ ಅರ್ಜಿ

ಅಲ್ಲೇ ನಿಲ್ಲಿಸಿದರು, ನಾನು ಅಲ್ಪವಿರಾಮ ಹಾಕಿದ್ದ ಜಾಗದಲ್ಲೇ ಅರ್ಜಿ ಓದುತ್ತಿದ್ದ ತಹಶೀಲ್ದಾರರು ಉಸಿರು ತೆಗೆದುಕೊಂಡರು, ಚೆನ್ನಾಗಿ ಓದುತ್ತಾರೆ, ಚಿಕ್ಕ ವಯಸ್ಸು, ಹೊಸದುರ್ಗಕ್ಕೆ ಬಂದು ಇನ್ನೂ ಆರು ತಿಂಗಳಾಗಿಲ್ಲವಂತೆ, ಓದುವವರಿಗೆ ಎಲ್ಲೂ ಎಡವದಂತೆ ಬರೆದವಳು ನಾನೇ ಅಲ್ಲವೇ — ಸದರಿ ಗ್ರಾಮದ ಕೆರೆಯಂಗಳದಲ್ಲಾಗಲಿ ಹೊಲಗಳಲ್ಲಾಗಲಿ ಹೊರಗಿನವರು ಕುರಿ ಮಂದೆ ನಿಲ್ಲಿಸುವ ಪದ್ಧತಿ ಹಿಂದೆಂದೂ ಇರಲಿಲ್ಲವೆಂದು ಊರಿನ ಹಿರಿಯರು ತಿಳಿಸಿರುತ್ತಾರೆ — ಯಾವ ಹಿರಿಯರು, ಯಾರು ತಿಳಿಸಿದರು, ಬರೆಯುವಾಗ ಕೈ ತಡೆಯಲಿಲ್ಲ, ಮೈಕಿನಲ್ಲಿ ಕೇಳಿದಾಗ ಕಿವಿ ಬಿಸಿಯಾಗುತ್ತಿದೆ. ಬಾಗೂರಿನ ಪಂಚಾಯ್ತಿ ಕಚೇರಿಯ ಮುಂದೆ ಹೊಂಗೆಮರದ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದಾರೆ, ಹೆಂಗಸರ ಸಾಲಿನಲ್ಲಿ ಮೊದಲನೆಯದು ನನಗೆ, ನಿವೃತ್ತ ಶಿಕ್ಷಕಿ ಅಂತ, ಆ ಕಡೆ ಕುರ್ಚಿಗಳು ಖಾಲಿ ಇದ್ದರೂ ಕುರಿಯವರು ನೆಲದ ಮೇಲೆ ಕುಳಿತಿದ್ದಾರೆ, ಜೀಪಿಗೆ ಒರಗಿ ಇಬ್ಬರು ಪೊಲೀಸರು ಕಡಲೆಕಾಯಿ ಸುಲಿಯುತ್ತಿದ್ದಾರೆ. ತಮ್ಮ ಮೂರ್ತಪ್ಪ ಕಾಗದ ಹಿಡಿದು ನನ್ನ ಕೋಣೆಗೆ ಬಂದದ್ದು ಹೋದ ಸೋಮವಾರ, ಅಕ್ಕಾ, ಹುಡುಗ್ರು ಏನೇನೋ ಗೀಚವ್ರೆ, ಒಸಿ ತಿದ್ದಿಕೊಡು, ನಿನ್ನ ಅಕ್ಷರ ಮುತ್ತಿನಂಗೈತೆ. ಹುಡುಗರು ಬರೆದದ್ದು ಎಂಟೇ ಸಾಲು, ಎಂಟರಲ್ಲಿ ನಾಲ್ಕು ಬೈಗುಳ, ಈ ಕುರಿಯವರನ್ನು ಒದ್ದು ಓಡಿಸಿ ಅಂತ. ಹಾಗೇ ಕಳಿಸಿದ್ದರೆ ಯಾವ ಅಧಿಕಾರಿಯೂ ಎರಡನೇ ಸಲ ನೋಡುತ್ತಿರಲಿಲ್ಲ. ಒದ್ದು ಓಡಿಸಿ ಎಂಬುದನ್ನು ತೆಗೆದು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ ಅಂತ ಬರೆದೆ, ಕಳ್ಳರು ಎಂಬುದನ್ನು ಹೊಡೆದುಹಾಕಿ ಹೊರಗಿನವರು ಅಂತ ಬರೆದೆ, ಮಾತನ್ನು ಮೆದು ಮಾಡುತ್ತಿದ್ದೇನೆ, ಜಗಳದ ಕಾವು ಇಳಿಸುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡೆ, ಮೂವತ್ತೆರಡು ವರ್ಷ ಮಕ್ಕಳ ಪ್ರಬಂಧ ತಿದ್ದಿದ ಕೈ, ಕೊನೆಯ ಸಾಲಿಗೊಂದು ಒತ್ತು ಬೇಕೆನಿಸಿತು, ಹಿರಿಯರು ತಿಳಿಸಿರುತ್ತಾರೆ, ಅದು ಹುಡುಗರ ಕಾಗದದಲ್ಲಿ ಇರಲೇ ಇಲ್ಲ, ಅದನ್ನು ಸೇರಿಸಿದವಳು ನಾನು.

ಪದ್ಧತಿ ಇರಲಿಲ್ಲವಂತೆ. ಸಂಕ್ರಾಂತಿ ಕಳೆದ ಮಾರನೆಯ ದಿನ ಅಪ್ಪ ವೀಳ್ಯದೆಲೆ, ಅಡಿಕೆ, ಒಂದು ಅಚ್ಚು ಬೆಲ್ಲವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿಕೊಂಡು ಮಾರಿಕಣಿವೆ ಕಡೆ ಹೊರಡುತ್ತಿದ್ದ, ಒಂದಷ್ಟು ದೂರ ಬಸ್ಸು, ಉಳಿದದ್ದು ನಡಿಗೆ, ಹಟ್ಟಿಯಲ್ಲಿ ಕುರಿಯವರ ಯಜಮಾನ ಮಾರಣ್ಣನ ಕೈಗೆ ವೀಳ್ಯ ಕೊಟ್ಟು ಬಂದರೆ ಹದಿನೈದು ದಿನದೊಳಗೆ ಮಂದೆ ನಮ್ಮ ಹೊಲಕ್ಕೆ. ಕೊಡದೆ ಅವರು ಬರುತ್ತಿರಲಿಲ್ಲ, ಕೊಟ್ಟ ಮೇಲೆ ಮಂದೆಯನ್ನು ಎಬ್ಬಿಸುವಂತಿರಲಿಲ್ಲ, ಮನೆಯಲ್ಲಿ ಸಾವಾದರೂ ಎಬ್ಬಿಸಬಾರದು ಅನ್ನುತ್ತಿದ್ದ ಅಪ್ಪ. ರಾತ್ರಿಯೆಲ್ಲ ಮುನ್ನೂರು ಕುರಿ ಮಲಗೆದ್ದ ಹೊಲಕ್ಕೆ ಆ ವರ್ಷ ಬೇರೆ ಗೊಬ್ಬರ ಬೇಡ, ರಾಗಿ ಎದೆಯೆತ್ತರ. ಈರಬಸಪ್ಪನವರು ಮಂದೆಯನ್ನು ಎರಡು ದಿನ ಹೆಚ್ಚಿಗೆ ತಮ್ಮ ಹೊಲದಲ್ಲಿ ಉಳಿಸಿಕೊಂಡರು ಅಂತ ಅಪ್ಪ ಯುಗಾದಿಯವರೆಗೆ ಅವರ ಜೊತೆ ಮಾತು ಬಿಟ್ಟಿದ್ದ, ಆಗ ಜಗಳ ಕುರಿ ಬೇಕು ಅಂತ, ಈಗ ಬೇಡ ಅಂತ. ಮಂದೆ ಬಂದ ದಿನ ದೂಳು ಮೊದಲು, ಆಮೇಲೆ ನಾಯಿಗಳು, ಆಮೇಲೆ ಕುರಿ, ಕೊನೆಗೆ ಕತ್ತೆಯ ಮೇಲೆ ಪಾತ್ರೆಪಗಡದ ನಡುವೆ ಕುಳಿತ ಮಾರಣ್ಣನ ಮಗಳು ಸಿದ್ದಕ್ಕ, ನನ್ನದೇ ವಯಸ್ಸು, ಮೂಗು ಸುರಿಸುತ್ತ ನಗುತ್ತಿದ್ದಳು. ಏನಪ್ಪ ಮಾರಣ್ಣ, ದಾರಿ ಮರ್ತೆ ಅಂತಿದ್ದೆ, ಅನ್ನುವನು ಅಪ್ಪ, ದಾರಿ ನಂಗೆಲ್ಲಿ ಗೊತ್ತೈತೆ ಗೌಡ, ಕುರಿಗೆ ಗೊತ್ತೈತೆ, ನಾನು ಅವುದ್ರ ಹಿಂದೆ ಬತ್ತೀನಿ, ಅನ್ನುವನು ಮಾರಣ್ಣ. ಎಳೆ ಮರಿಗಳನ್ನು ದೊಡ್ಡ ಬಿದಿರು ಬುಟ್ಟಿಗಳ ಅಡಿ ಮುಚ್ಚುತ್ತಿದ್ದರು, ಸಿದ್ದಕ್ಕ ಬುಟ್ಟಿಯನ್ನು ಒಂದು ಗೇಣು ಎತ್ತಿ ನನ್ನ ಕೈ ಒಳಗೆ ತೂರಿಸುವಳು, ನೋಡು ಎಷ್ಟು ಬೆಚ್ಚಗೈತೆ, ಬೆರಳು ಚೀಪುವ ಸಣ್ಣ ಬಾಯಿ, ಹಲ್ಲಿಲ್ಲದ್ದು. ಎಂಥ ಕಾಲ ಅದು ಅಂತ ಹೇಳಿಕೊಳ್ಳುವುದು ಸುಲಭ, ನಿವೃತ್ತಿಯ ದಿನ ಭಾಷಣದಲ್ಲಿ ಹೇಳಿಯೂ ಇದ್ದೇನೆ, ನಮ್ಮ ಬಾಲ್ಯದಲ್ಲಿ ಎಲ್ಲರೂ ಒಂದೇ ಮನೆಯವರಂತೆ ಇದ್ದೆವು, ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದೇ ಮನೆ ನಿಜ, ಆದರೆ ನಾವು ಒಳಗೆ, ಅವರು ಜಗಲಿ. ಅವರ ಮುದ್ದೆಗೆ ಬೇರೆ ತಟ್ಟೆ, ಉಂಡ ಮೇಲೆ ಅವರೇ ತೊಳೆದು ಗೋಡೆಗೆ ಒರಗಿಸಿ ಹೋಗಬೇಕು, ಅಮ್ಮ ಅದರ ಮೇಲೆ ಇನ್ನೊಂದು ಸಲ ನೀರು ಹಾಕುತ್ತಿದ್ದಳು, ನಾನು ನೋಡುತ್ತಿದ್ದೆ, ಭಾಷಣದಲ್ಲಿ ಅದು ಬರಲಿಲ್ಲ.

ಮತ್ತೆ ಆ ಚೊಂಬು. ಅರವತ್ತೊಂಬತ್ತನೇ ಇಸವಿ, ನನಗೆ ಒಂಬತ್ತು, ಅಜ್ಜಿಯ ತಾಮ್ರದ ಚೊಂಬು ಕಾಣೆಯಾಯಿತು, ಅತ್ತೆ ರಂಗಕ್ಕ ಹಿತ್ತಲಲ್ಲಿ ನಿಂತು ಇಡೀ ಬೀದಿಗೆ ಕೇಳುವಂತೆ, ಇನ್ಯಾರು ತಕಂಡಾರು, ಜಗಲಿ ಮೇಲೆ ಕುಂತೋರೇ ತಕಂಡಿರ್ಬೇಕು. ಅಪ್ಪ ಹೊಲಕ್ಕೆ ನಡೆದ, ಹಿಂದೆ ನಾನು. ವೀಳ್ಯ ಕೊಟ್ಟು ಕರೆತಂದ ಅಪ್ಪ ಬುಟ್ಟಿಗಳನ್ನು ಒಂದೊಂದಾಗಿ ಎತ್ತಿ ಹುಡುಕಿದ, ಮರಿಗಳು ಬಿಸಿಲಿಗೆ ಕಣ್ಣು ಪಿಳುಕಿಸಿದವು, ಸಿದ್ದಕ್ಕನ ತಾಯಿ ಕಾಳಕ್ಕ ಯಾರೂ ಕೇಳದೆ ತನ್ನ ಗಂಟು ಬಿಚ್ಚಿ ನೆಲಕ್ಕೆ ಸುರಿದಳು, ಎರಡು ಸೀರೆ, ಒಂದು ಬಾಚಣಿಗೆ, ಒಣಮೆಣಸಿನಕಾಯಿ. ಕಂಬಳಿ ಹೊದ್ದ ಮಾರಣ್ಣ ಅಪ್ಪನ ಹಿಂದೆಯೇ ಬುಟ್ಟಿಗಳನ್ನು ಮರಿಗಳ ಮೇಲೆ ಮತ್ತೆ ಕವುಚುತ್ತ ಬಂದ. ನನ್ನ ಬಾಯಿಂದ ಹೇಗೆ ಬಂತೋ, ಅಪ್ಪಾ, ಅದು ಬಾವೀಗೆ ಬಿತ್ತು, ನಾನೇ ಬೀಳಿಸ್ದೆ. ಅಲ್ಲೇ ಕೆನ್ನೆಗೆ ಬಿತ್ತು ಏಟು, ಕಿವಿಯಲ್ಲಿ ಗುಂಯ್ ಎಂದಿತು. ಆ ಸಂಜೆ ಅಪ್ಪ ಹೊಸ ವೀಳ್ಯ ಕಟ್ಟಿಕೊಂಡು ಮತ್ತೆ ಹೊಲಕ್ಕೆ ಹೋಗಿ ಮಾರಣ್ಣನ ಕೈಯಲ್ಲಿಟ್ಟ, ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳಲಿಲ್ಲ, ಮಾರಣ್ಣ ಎಲೆ ಮಡಿಸಿ ಬಾಯಿಗಿಟ್ಟುಕೊಂಡ, ಮುಗಿಯಿತು. ಸಿದ್ದಕ್ಕ ನನ್ನ ಕೆನ್ನೆ ಮುಟ್ಟಿ, ಸುಮ್ಕಿದ್ದಿದ್ರೆ ಏಟು ತಪ್ತಿತ್ತಲ್ಲೇ ಏಕಾಂತಿ, ಅಂದಳು. ಸುಮ್ಮನಿದ್ದರೆ ಏಟು ತಪ್ಪುತ್ತದೆ ಅನ್ನುವುದನ್ನು ಆಮೇಲೆ ಎಷ್ಟು ಚೆನ್ನಾಗಿ ಕಲಿತೆ, ಚಿತ್ರದುರ್ಗದ ಹಾಸ್ಟೆಲ್ಲಿನಲ್ಲಿ, ಗಂಡನ ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ, ಈಗ ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯ ಮೂಲೆಯ ಕೋಣೆಯಲ್ಲಿ, ನಾದಿನಿ ಕಾಫಿ ಕೊಟ್ಟರೆ ಕುಡಿಯುವುದು, ಮರೆತರೆ ಕೇಳದೆ ಇರುವುದು. ಹದಿನೈದು ದಿನದ ಹಿಂದೆ ಮಂದೆ ಬಂದಾಗ ಸಿದ್ದಕ್ಕ ಗೇಟಿನ ಹೊರಗೆ ನಿಂತು ಕೂಗಿದ್ದಳು, ಏಕಾಂತಿ ಬಂದಾಳಂತಲ್ಲ, ನೋಡ್ಬೇಕು ಕರೀರಿ. ಕಿಟಕಿಯಿಂದ ನೋಡಿದೆ, ಪೂರಾ ನರೆತ ತಲೆ, ಅದೇ ನಗು. ಮಲಗಿದ್ದಾಳೆ ಅಂತ ಹೇಳಮ್ಮ, ಅಂದೆ ನಾದಿನಿಗೆ, ಯಾಕೆ ಅಂದೆ, ಆ ಹೊತ್ತಿಗೆ ಅರ್ಜಿಯೂ ಇರಲಿಲ್ಲ, ಜಗಳವೂ ಇರಲಿಲ್ಲ, ಮೂರ್ತಪ್ಪನಿಗೆ ಇಷ್ಟವಾಗದೇನೋ ಎಂಬ ಭಯ ಒಂದೇ.

ಜಗಳ ಹತ್ತಿದ್ದು ಅದರ ಮೂರನೇ ದಿನ. ಹೊಲಗಳೆಲ್ಲ ದಾಳಿಂಬೆ ತೋಟವಾಗಿ ಸುತ್ತ ತಂತಿ ಬೇಲಿ ಎದ್ದ ಮೇಲೆ ಮಂದೆಗೆ ಉಳಿದದ್ದು ಕೆರೆಯಂಗಳ ಒಂದೇ, ಅಲ್ಲಿಂದ ನಾಲ್ಕು ಕುರಿ ಬೇಲಿ ನುಸುಳಿ ಮೂರ್ತಪ್ಪನ ತೋಟದ ನೀರಿನ ಪೈಪು ತುಳಿದವು, ಮೊದಲಾಗಿದ್ದರೆ ಒಂದು ಬೈಗುಳ, ಒಂದು ಬೀಡಿಯಲ್ಲಿ ಮುಗಿಯುತ್ತಿತ್ತು, ಈಗ ಒಬ್ಬ ಫೋನಿನಲ್ಲಿ ಚಿತ್ರ ತೆಗೆದ, ಇನ್ನೊಬ್ಬ ಗ್ರೂಪಿಗೆ ಹಾಕಿದ, ನಮ್ಮೂರು ನಮಗೆ ಅಂತ ಬರೆದ, ಸಂಜೆಗೆ ಇಪ್ಪತ್ತು ಬೈಕು, ಕುರಿ ಕಾಯುವವನ ಭುಜಕ್ಕೆ ದೊಣ್ಣೆ, ಮಾರನೇ ದಿನ ಆ ಕಡೆಯವರು ರಸ್ತೆಗೆ ಅಡ್ಡ ಕೂತರು, ಬಸ್ಸಿನ ಗಾಜು ಒಡೆಯಿತು, ಯಾರು ಒಡೆದರೋ. ಎಲ್ಲರ ಮುಖದಲ್ಲೂ ಯಾವಾಗ ಬೇಕಾದರೂ ಸಿಡಿಯುವಂಥ ಸಿಟ್ಟು, ಹೊಸದುರ್ಗದ ಪೇಟೆಯಲ್ಲಿ ತರಕಾರಿ ಕೊಳ್ಳುವಾಗಲೂ ನೋಡಿದ್ದೇನೆ, ಆ ಸಿಟ್ಟಿಗೆ ಒಳ್ಳೆಯ ಕನ್ನಡ ಹಾಕಿಕೊಟ್ಟವಳು ನಾನು. ತಹಶೀಲ್ದಾರರು ಓದಿ ಮುಗಿಸಿದರು. ಮಾರಣ್ಣನ ಮಗ ಕಾಟಲಿಂಗಪ್ಪ ಎದ್ದ, ಸಿದ್ದಕ್ಕನ ತಮ್ಮ, ಈಗ ಮಂದೆಯ ಯಜಮಾನ, ಸ್ವಾಮಿ, ನಮ್ಮಪ್ಪುನ ಕಾಲದಿಂದ ಬತ್ತಿದೀವಿ, ಇವ್ರೇ ವೀಳ್ಯ ಕೊಟ್ಟು ಕರಿಯೋರು, ಈಗ ನಲವತ್ತು ಕುರಿ ಗಬ್ಬ ಅವೆ, ಇವತ್ತೋ ನಾಳೆಯೋ ಈಯ್ತವೆ, ಎಬ್ಬಿಸಿದ್ರೆ ದಾರಿಯಾಗೇ ಮರಿ ಹಾಕಿ ಸಾಯ್ತವೆ, ಎಂಟು ದಿನ ಬಿಡ್ರಿ ಸಾಕು. ಹಿಂದಿನ ಸಾಲಿನಿಂದ ಯಾರೋ, ವೀಳ್ಯ ಕೊಟ್ಟಿದ್ಕೆ ರಸೀತಿ ಐತೇನ್ಲೇ, ಹುಡುಗರೆಲ್ಲ ನಕ್ಕರು. ತಹಶೀಲ್ದಾರರು ನಗಲಿಲ್ಲ, ಕಾಗದ ಎತ್ತಿ ಹಿಡಿದು, ನೋಡ್ರಿ, ಹಳೆಯ ಪದ್ಧತಿ ಇತ್ತು ಅಂತ ಊರಿನ ಹಿರಿಯರು ಒಬ್ಬರು ಹೇಳಿದರೂ ಮಹಜರಿನಲ್ಲಿ ಬರೆಸಿ ಎಂಟು ದಿನ ಕೊಡ್ತೀನಿ, ಈ ಅರ್ಜಿಯಲ್ಲಿ ಅಂಥ ಪದ್ಧತಿ ಇರಲಿಲ್ಲ ಅಂತ ಹಿರಿಯರೇ ಹೇಳಿದ್ದಾರಲ್ಲ. ಆಗ ಸಿದ್ದಕ್ಕ ನೆಲದಿಂದ ಕೈಯೂರಿ ಎದ್ದಳು, ನನ್ನ ಕಡೆ ಬೆರಳು ಮಾಡಿದಳು, ಆಯಮ್ಮನ್ನ ಕೇಳ್ರಿ ಸ್ವಾಮಿ, ದೊಡ್ಡತಿಮ್ಮಪ್ಪಗೌಡ್ರ ಮಗಳು, ಓದಿದೋಳು, ಆಯಮ್ಮ ಸುಳ್ಳು ಹೇಳಲ್ಲ, ಅಪ್ಪುನ ಕೈಲಿ ಹೊಡ್ತ ತಿಂದ್ರೂ ಹೇಳಿಲ್ಲ, ನಾನು ನೋಡೀನಿ. ಅವಳಿಗೆ ಓದಲು ಬರುವುದಿಲ್ಲ, ಆ ಕಾಗದದ ಅಕ್ಷರ ಯಾರದೆಂದು ಅವಳಿಗೆ ತಿಳಿಯದು.

ಹೇಳಿ ಮೇಡಂ, ನಿಮಗೆ ನೆನಪಿದೆಯಾ. ಎದ್ದು ನಿಂತೆ, ಸೆರಗು ಸರಿಮಾಡಿಕೊಂಡೆ, ಮೂರ್ತಪ್ಪ ನನ್ನನ್ನು ನೋಡುತ್ತಿಲ್ಲ, ಫೋನು ನೋಡುತ್ತಿದ್ದಾನೆ, ಆದರೆ ಪರದೆಯ ಮೇಲೆ ಅವನ ಹೆಬ್ಬೆರಳು ಆಡುತ್ತಿಲ್ಲ, ನಿಂತಿದೆ, ಇತ್ತು ಅಂದರೆ ಸಾಕು, ಒಂದು ಮಾತು, ಇತ್ತು, ಆದರೆ ಇತ್ತು ಅಂದರೆ ಇರಲಿಲ್ಲ ಅಂತ ಬರೆದವರು ಯಾರು ಅಂತ ಕೇಳುತ್ತಾರೆ, ಅಕ್ಷರ ನೋಡಿದರೆ ಗೊತ್ತಾಗುತ್ತದೆ, ಹುಡುಗರು ಫೋನು ಎತ್ತಿ ಹಿಡಿದಿದ್ದಾರೆ, ನನ್ನ ಮುಖ ಗ್ರೂಪಿನಲ್ಲಿ, ಮೂಲೆಯ ಕೋಣೆ, ಅದರ ಕಿಟಕಿ, ಬೆಳಗಿನ ಕಾಫಿ, ಅರವತ್ತೆರಡನೆಯ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ, ನಾಲಿಗೆ ಮಾತ್ರ ತಾನಾಗಿಯೇ ಪದ ಹುಡುಕುತ್ತಿದೆ, ಸುಳ್ಳಾಗದ ಪದ, ನಿಜವೂ ಆಗದ ಪದ, ಅಂಥದ್ದು ಸಿಕ್ಕೇ ಸಿಗುತ್ತದೆ ನನಗೆ, ನಾನು ಆಗ ತುಂಬಾ ಚಿಕ್ಕವಳು ಸಾರ್, ಖಚಿತವಾಗಿ ಹೇಳಲಾರೆ. ಗುಮಾಸ್ತರು ಬರೆದುಕೊಂಡರು. ಮೂರ್ತಪ್ಪನ ಹೆಬ್ಬೆರಳು ಆಡಿತು. ಕಾಟಲಿಂಗಪ್ಪ ಕಹಿಯಾಗಿ ನಕ್ಕ, ನೋಡಕ್ಕ ನಿನ್ನ ಗೆಣತೀನ. ಸಿದ್ದಕ್ಕ ಅವನತ್ತ ತಿರುಗಿ, ಸುಮ್ಕಿರ್ಲೇ, ವಯಸ್ಸಾತು ಆಯಮ್ಮಂಗೆ, ನಿನ್ನೆ ಉಂಡಿದ್ದೇ ನಂಗೆ ಗೆಪ್ತಿ ಇರಲ್ಲ, ಅಂದಳು, ಅಂದು ನೇರ ನನ್ನ ಹತ್ತಿರ ನಡೆದು ಬಂದಳು, ಬೈಯುತ್ತಾಳೆ, ಬೈಯಲಿ ಅಂತ ಕಾದೆ, ನಾನು ಎದ್ದಿದ್ದ ಕುರ್ಚಿಯ ಮೇಲೆ ಹೊಂಗೆಹೂವು ಉದುರಿದ್ದವು, ಅವಳು ಬಗ್ಗಿ, ಕುರಿಯ ವಾಸನೆಯ ತನ್ನ ಸೆರಗಿನ ತುದಿಯಿಂದ ಕುರ್ಚಿ ಒರೆಸಿದಳು, ಕುಂತ್ಕಳ್ರಿ ಅಮ್ಮ, ಕಾಲು ನಡುಗ್ತಾವೆ, ಕುಂತ್ಕಳ್ರಿ. ಏಕಾಂತಿ ಅನ್ನಲಿಲ್ಲ. ಕುಳಿತೆ, ಕುಳಿತೇಬಿಟ್ಟೆ. ಸಂಜೆ ಐದರೊಳಗೆ ಕೆರೆಯಂಗಳ ಖಾಲಿ ಮಾಡತಕ್ಕದ್ದು ಅಂತ ಮೈಕು ಹೇಳುತ್ತಿದೆ, ಗಂಟೆ ಈಗ ಹನ್ನೆರಡೂವರೆ, ನಲವತ್ತು ಗಬ್ಬದ ಕುರಿ, ಮಾಡದಕೆರೆ ದಾಟುವವರೆಗೂ ಎಲ್ಲೂ ನೆರಳಿಲ್ಲ, ಈಗಲೂ ಎದ್ದು ಹೇಳಬಹುದು, ಸಾರ್ ಒಂದು ನಿಮಿಷ, ಮೂರೇ ಪದ, ಗುಮಾಸ್ತರು ಇನ್ನೂ ಪೆನ್ನು ಮುಚ್ಚಿಲ್ಲ, ಅವಳು ನಂಬಿದಳೇ, ನಿಜವಾಗಿ ಮರೆತಿದ್ದೇನೆ ಅಂತಲೇ ನಂಬಿದಳೇ, ಏಳಬೇಕು, ಕುರ್ಚಿ ಒರೆಸಿದ ಆ ಕೈ, ಜೀಪು ಶುರುವಾಯಿತು, ಮೂರ್ತಪ್ಪ ಹತ್ತಿರ ಬಂದು, ಅಕ್ಕಾ, ಮನೀಗೆ ಹೋಗಾಣ ಏಳು, ಅನ್ನುತ್ತಿದ್ದಾನೆ, ಏಳಲಾಗುತ್ತಿಲ್ಲ, ಒಂದು ಸಲ ಉದ್ದಕ್ಕೆ ಒರೆಸಿದಳು, ಒಂದು ಸಲ ಅಡ್ಡಕ್ಕೆ, ಕುರ್ಚಿಯ ಸಂದಿಯಲ್ಲಿ ಒಂದು ಹೂವು ಸಿಕ್ಕಿಕೊಂಡಿತ್ತು, ಅದನ್ನು ಉಗುರಿನಿಂದ ಎಬ್ಬಿಸಿ ತೆಗೆದಳು, ನನಗೆ ಚುಚ್ಚಬಾರದು ಅಂತ, ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ, ಆಮೇಲೆ ಉಗುರಿನಿಂದ