ಅವ್ವ ಹಿಂದಿನ ಸೀಟಿನಲ್ಲಿ ಕೂತಿದ್ದ ವರ್ಷ

ಎರಡು ಸಾವಿರದ ಏಳನೆಯ ಇಸವಿ ಎಂದರೆ ಚಂದ್ರಕಾಂತನಿಗೆ ಈಗಲೂ ಮೊದಲು ಕಣ್ಣಿಗೆ ಬರುವುದು ಬೂದು ಬಣ್ಣದ ಆ ಹಳೆಯ ಸ್ಯಾಂಟ್ರೊ ಕಾರು. ಮುಂದೆ ಅವನು ಮತ್ತು ಹೆಂಡತಿ ಅಹಲ್ಯಾ. ಹಿಂದೆ ಕಿಟಕಿಯ ಗಾಜು ಪೂರ್ತಿ ಇಳಿಸಿಕೊಂಡು, ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಕೂತ ಅವ್ವ. ಎಸಿ ಹಾಕಿದರೆ ಆಕೆಗೆ ತಲೆ ಸುತ್ತುತ್ತಿತ್ತು. "ಗಾಳಿ ದೇವ್ರು ಪುಕಸಟ್ಟೆ ಕೊಟ್ಟಾನ. ಮಷಿನ್ಯಾಗ ಹಾಕಿ ಯಾಕ ತಣ್ಣಗ ಮಾಡ್ತಿ?" ಎನ್ನುತ್ತಿದ್ದಳು. ಆ ವರ್ಷ ಅವರು ಮೂವರೂ ತಿರುಗಿದ ರಸ್ತೆಗಳೆಲ್ಲ ಬಿಸಿಗಾಳಿ, ಧೂಳು, ಅವ್ವನ ಮಾತಿನ ಸಮೇತ ಅವನ ಮನಸ್ಸಿನಲ್ಲಿ ಹಾಗೇ ಉಳಿದಿವೆ.

ಆಗ ಅವರಿದ್ದ ಮಣಿಕೊಂಡದಲ್ಲಿ ಮನೆಗಳಿಗಿಂತ ಬಂಡೆಗಳೇ ಹೆಚ್ಚು. ಒಂದು ಕಡೆ ಬಂಡೆ ಸಿಡಿಸುವ ಸದ್ದು, ಇನ್ನೊಂದು ಕಡೆ ನೀರಿನ ಟ್ಯಾಂಕರಿನ ಹಾರ್ನು. ಚಂದ್ರಕಾಂತ ಹೈಟೆಕ್ ಸಿಟಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸದಲ್ಲಿದ್ದ. ಅಹಲ್ಯಾ ಮೆಹದಿಪಟ್ನಂನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಮದುವೆಯಾಗಿ ಆರು ವರ್ಷ ತುಂಬಿತ್ತು, ಮಕ್ಕಳಿರಲಿಲ್ಲ. ಸಂಕ್ರಾಂತಿ ಕಳೆದ ವಾರ ಡಾಕ್ಟರು ಇಬ್ಬರ ರಿಪೋರ್ಟನ್ನೂ ಮುಂದಿಟ್ಟುಕೊಂಡು, ಅಹಲ್ಯಾಳಲ್ಲಿ ಯಾವ ತೊಂದರೆಯೂ ಇಲ್ಲ, ಕೊರತೆ ಇರುವುದು ಚಂದ್ರಕಾಂತನಲ್ಲಿ, ಔಷಧದಿಂದ ಸರಿಹೋಗುವಂಥದ್ದಲ್ಲ ಎಂದು ಮೆಲ್ಲಗೆ ಹೇಳಿದರು.

ಮನೆಯ ಬಾಗಿಲ ಬೀಗ ತೆಗೆಯುವಾಗ ಚಂದ್ರಕಾಂತ, "ಅವ್ವಗ ಮಾತ್ರ ಹೇಳಬ್ಯಾಡ. ನಾನ ಹೇಳ್ತೀನಿ, ಸ್ವಲ್ಪ ದಿನ ತಡಿ" ಎಂದ.

"ನೀವ ಹೇಳ್ರಿ. ನನ್ನ ಬಾಯಿಂದ ಬರಂಗಿಲ್ಲ" ಎಂದಳು ಅಹಲ್ಯಾ.

ಆಕೆ ಮಾತು ಉಳಿಸಿಕೊಂಡಳು. ಅವನು ಮಾತ್ರ ದಿನ ದೂಡುತ್ತ ಹೋದ.

ಯುಗಾದಿಯ ಹೊತ್ತಿಗೆ ಕುಷ್ಟಗಿಯಿಂದ ಅವ್ವ ಶಿವದೇವಿ ಬಂದಿಳಿದಳು. ಜೋಳದ ಚೀಲ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಒಂದು ಗಂಟಿನ ತುಂಬ ಬೇರು ನಾರು. ಗಂಡ ತೀರಿದ ಮೇಲೆ ಆಕೆ ಹೀಗೆ ಬಂದು ಒಂದು ತಿಂಗಳಿಗಿಂತ ಹೆಚ್ಚು ನಿಂತಿರಲಿಲ್ಲ. ಈ ಸಲ ಹಾಗಲ್ಲ. "ಮೊಮ್ಮಗಂದು ಸುದ್ದಿ ಕೇಳಿನ ಊರಿಗೆ ಹೋಗಾಕಿ" ಎಂದು ಬಂದ ದಿನವೇ ಸಾರಿದಳು.

ಮರುದಿನದಿಂದ ಅಹಲ್ಯಾಳಿಗೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕಷಾಯ, ಸೋಮವಾರ ಉಪವಾಸ, ಶಾಲೆಯಿಂದ ಬಂದ ಮೇಲೆ ಲಿಂಗಪೂಜೆಗೆ ಇನ್ನೊಂದು ಸಲ ಸ್ನಾನ. ಅವಳು ಒಂದಕ್ಕೂ ಎದುರಾಡಲಿಲ್ಲ. ಅತ್ತೆ ಕಾಟ ಕೊಡುವವಳಲ್ಲ ಎಂಬುದೇ ದೊಡ್ಡ ಕಷ್ಟವಾಗಿತ್ತು. ಕಷಾಯ ಕುಡಿದ ಮೇಲೆ ಬೆಲ್ಲದ ತುಣುಕನ್ನು ಆಕೆಯೇ ಸೊಸೆಯ ಬಾಯಿಗಿಡುತ್ತಿದ್ದಳು. ಉಪವಾಸದ ದಿನ ತಾನೂ ಉಣ್ಣುತ್ತಿರಲಿಲ್ಲ.

ರಜೆ ಬಂದರೆ ಪ್ರಯಾಣ. ಝರಾಸಂಗದ ಸಂಗಮೇಶ್ವರನಿಗೆ ಹೋದರು. ಜಹೀರಾಬಾದಿನ ರಸ್ತೆಯ ಬದಿ ಬೇವಿನ ಗಿಡದ ಕೆಳಗೆ ಚಾದರ ಹಾಸಿ ರೊಟ್ಟಿ ಬಿಚ್ಚಿದರು. ಅವ್ವ ಅಲ್ಲೇ ಹೊಲದಲ್ಲಿದ್ದ ಹೆಣ್ಣುಮಗಳನ್ನು ಕರೆದು ಉಳ್ಳಾಗಡ್ಡಿ ಕೇಳಿದಳು. ಆಕೆ ತೆಲುಗು, ಅವ್ವ ಕನ್ನಡ, ಇಬ್ಬರಿಗೂ ಏನೂ ಅಡ್ಡಿಯಾಗಲಿಲ್ಲ; ಉಳ್ಳಾಗಡ್ಡಿಯ ಜೊತೆ ಒಂದು ಹಿಡಿ ಹಸಿ ಮೆಣಸಿನಕಾಯಿಯೂ ಬಂತು. ಬೇಸಿಗೆಯಲ್ಲಿ ಶ್ರೀಶೈಲ. ನಲ್ಲಮಲದ ಕಾಡಿನಲ್ಲಿ ತಿರುವು ಬಂದಾಗೆಲ್ಲ ಅವ್ವ "ಮಲ್ಲಯ್ಯ, ಹುಷಾರ" ಎಂದು ದೇವರಿಗೇ ಎಚ್ಚರಿಕೆ ಹೇಳುತ್ತಿದ್ದಳು. ಅಹಲ್ಯಾ ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದಳು. ಆ ನಗೆ ಕೇಳಿದಾಗ, ಇವತ್ತು ಹೇಳಿ ಈ ಸಂತೋಷ ಯಾಕೆ ಕೆಡಿಸಲಿ ಎಂದು ಚಂದ್ರಕಾಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಪ್ರತಿ ಸಲವೂ ಅವನಿಗೆ ಇಂಥದೊಂದು ನೆಪ ಸಿಗುತ್ತಿತ್ತು.

ಶ್ರಾವಣದಲ್ಲಿ ಒಂದು ಸಂಜೆ ಗಂಡ ಹೆಂಡತಿ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಮೇಲೆ ತಮ್ಮ ಮನೆಯೊಳಗಿಂದ ಕೆಳಮನೆಯ ಗೋದಾಬಾಯಿಯ ದನಿ ಕೇಳಿಸಿತು. ಬೀದರಿನ ಕಡೆಯ ಆಕೆ ಅವ್ವನ ಗೆಳತಿಯಾಗಿದ್ದಳು. "ಮಗ ಬಂಗಾರದಂಥಾವ ಇದ್ದಾನ್ರಿ. ಸೊಸಿ ಹೊಟ್ಟಿದೇ ಏನೋ ತ್ರಾಸ ಕಾಣತದ" ಎನ್ನುತ್ತಿದ್ದಳು. ಅಹಲ್ಯಾ ಒಂದು ಮೆಟ್ಟಿಲ ಮೇಲೆ ನಿಂತಳು. ಹಿಂದೆ ಇದ್ದ ಚಂದ್ರಕಾಂತನ ಕಡೆ ತಿರುಗಲಿಲ್ಲ. ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು ಹತ್ತಿದಳು.

ಕೋಣೆಯ ಬಾಗಿಲು ಹಾಕಿದ ಮೇಲೆ ಹೇಳಿದಳು. "ಕಷಾಯ ಕಹಿ ಅನಸಂಗಿಲ್ಲ ನನಗ. ನಾ ಕುಡಿಯೂ ಹೊತ್ತಿನ್ಯಾಗ ನೀವು ಪೇಪರ್ ಅಡ್ಡ ಹಿಡಕೊಂಡು ಕುಂದರ್ತೀರಲ್ಲ, ಅದು ನುಂಗಾಕ ಆಗಂಗಿಲ್ಲ."

ಮರುದಿನ ಅವನು ಪೇಪರ್ ಹಿಡಿಯಲಿಲ್ಲ, ಅಷ್ಟೇ. ಬಾಯಿ ಮಾತ್ರ ಬಿಚ್ಚಲಿಲ್ಲ.

ಕಾರ್ತಿಕದಲ್ಲಿ ಗೋದಾಬಾಯಿಯೇ ಬೀದರಿನ ಝರಣಿ ನರಸಿಂಹನ ವಿಷಯ ಹೇಳಿದಳು. ಗುಡ್ಡದೊಳಗಿನ ಗವಿ, ಎದೆಯ ಮಟ್ಟದ ನೀರು. ಅದರಲ್ಲೇ ನಡೆದುಹೋಗಿ ದರ್ಶನ ಮಾಡಬೇಕು, ಮಕ್ಕಳಿಲ್ಲದವರಿಗೆ ಮಕ್ಕಳಾಗುತ್ತವೆ ಎಂದು. "ನರಸಿಂಹನ ಬಾಜೂಕ ಲಿಂಗನೂ ಐತಂತ, ಅಂದ ಮ್ಯಾಲ ನಮ್ಮ ದೇವ್ರ" ಎಂದು ಅವ್ವ ಹೊರಟೇ ಬಿಟ್ಟಳು. ಅಹಲ್ಯಾಳಿಗೆ ಎರಡು ದಿನದಿಂದ ನೆಗಡಿ, ಮೈ ಬೆಚ್ಚಗಿತ್ತು. ಹೋಗುವುದು ಬೇಡ ಎಂದು ಅವಳೂ ಅನ್ನಲಿಲ್ಲ, ಅವನೂ ಅನ್ನಲಿಲ್ಲ.

ಗವಿಯೊಳಗೆ ಮೇಲೆ ದೀಪಗಳು, ದೀಪಗಳ ನಡುವೆ ಬಾವಲಿಗಳು. ನೀರು ಮೊದಲು ಮೊಣಕಾಲಿಗೆ, ಆಮೇಲೆ ಸೊಂಟಕ್ಕೆ, ಕೊನೆಗೆ ಎದೆಗೆ ಬಂತು. ಮುಂದೆ ಯಾರೋ "ಗೋವಿಂದಾ" ಎಂದರೆ ಇಡೀ ಗುಡ್ಡವೇ ತಿರುಗಿ ಕೂಗುತ್ತಿತ್ತು. ಹೊಳೆ ಕಂಡರೂ ಹೆದರುತ್ತಿದ್ದ ಅವ್ವ ಎರಡೂ ಕೈಯಲ್ಲಿ ಸೊಸೆಯ ತೋಳು ಹಿಡಿದಿದ್ದಳು. ದರ್ಶನವಾಯಿತು. ತಿರುಗಿ ಬಂದು ನೀರು ಸೊಂಟಕ್ಕಿಳಿಯುವ ಜಾಗ ಮುಟ್ಟುವಷ್ಟರಲ್ಲಿ ಅಹಲ್ಯಾಳ ಹಲ್ಲು ಕಟಕಟ ಅನ್ನುತ್ತಿತ್ತು.

"ಇನ್ನೊಂದು ಸಲ ಹೋಗಿ ಬರೂಣು" ಎಂದಳು ಅವ್ವ. "ಮೂರು ಸಲ ಹೋದ್ರ ಭಾಳ ಚೊಲೊ ಅಂತ ಗೋದಾಬಾಯಿ ಅಂದಾಳ. ನಡಿಯವ್ವಾ, ನನ್ನ ಬಂಗಾರ."

ಅಹಲ್ಯಾ ಒಳಕ್ಕೆ ತಿರುಗಿದಳು. ತಿರುಗುವಾಗ ಅವಳ ಕಣ್ಣು ಒಂದು ಗಳಿಗೆ ಗಂಡನ ಮೇಲೆ ನಿಂತಿತು. ಸಿಟ್ಟಿರಲಿಲ್ಲ ಅದರಲ್ಲಿ. ದಣಿವಿತ್ತು. ಇವನಿಂದ ಏನೂ ಆಗುವುದಿಲ್ಲ ಎಂದು ಒಪ್ಪಿಕೊಂಡವರ ದಣಿವು.

"ಬ್ಯಾಡವ್ವಾ!" ಎಂದ ಚಂದ್ರಕಾಂತ. ಅವನು ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು ಆ ದನಿ. "ಆಕಿದು ಏನೂ ತಪ್ಪಿಲ್ಲ. ಕೊರತಿ ನನ್ನಾಗ ಐತಿ. ಡಾಕ್ಟರ್ ಸಂಕ್ರಮಣಕ್ಕ ಹೇಳ್ಯಾರ."

ಹಿಂದೆ ಬರುತ್ತಿದ್ದ ಜನ ಅವರನ್ನು ಬಳಸಿಕೊಂಡು ಮುಂದೆ ಹೋದರು. ಅವ್ವ ಸೊಸೆಯ ತೋಳು ಬಿಡದೆ ಹೊರಗೆ ನಡೆದಳು.

ಮೆಟ್ಟಿಲ ಮೇಲೆ ಬಿಸಿಲಿತ್ತು. ಅವ್ವ ತನ್ನ ಒಣ ಸೀರೆಯನ್ನೇ ಚೀಲದಿಂದ ತೆಗೆದು ಅಹಲ್ಯಾಳ ತಲೆ ಒರೆಸತೊಡಗಿದಳು. ಒರೆಸುತ್ತಲೇ ಕೇಳಿದಳು. "ನೀನರ ಹೇಳಬಾರದಾಗಿತ್ತೇನ?"

"ಅವರ ಹೇಳಬೇಕಾಗಿತ್ತು, ಅತ್ತಿ."

ಅವ್ವ ಮಗನ ಕಡೆ ತಿರುಗಿದಳು. "ಕೊರತಿ ಯಾರಿಗೆ ಇರಂಗಿಲ್ಲ? ಅದಕ್ಕ ನಾ ಏನೂ ಅನ್ನಂಗಿಲ್ಲ. ಆದ್ರ ಯುಗಾದಿಯಿಂದ ಈಕಿ ಕುಡಿದಿದ್ದು, ಉಪವಾಸ ಬಿದ್ದಿದ್ದು, ಎಲ್ಲಾ ನೋಡಿಕೊಂತ ಕುಂತಿದ್ದೆಲ್ಲೋ! ನನ್ನ ಕೈಯಾಗ ಪಾಪ ಮಾಡಿಸಿದೆಲ್ಲೋ ಚಂದ್ರೂ!" ಎನ್ನುತ್ತ ಅತ್ತಳು. ಅವನೂ ಅತ್ತ. ನೀರಿನಿಂದ ಬಂದವರ ಮುಖ ಒದ್ದೆಯಾಗಿದ್ದರೆ ಯಾರೂ ನೋಡುವುದಿಲ್ಲ, ಪುಣ್ಯ.

ಆ ಮೇಲೆ ಹನ್ನೊಂದು ದಿನ ಅವ್ವ ಅವನ ಜೊತೆ ಮಾತು ಬಿಟ್ಟಳು. ಹೇಳುವುದನ್ನೆಲ್ಲ ಸೊಸೆಯ ಮೂಲಕ ಹೇಳುತ್ತಿದ್ದಳು. "ನಿನ್ನ ಗಂಡಗ ಹೇಳು, ರೊಟ್ಟಿ ಆರಾಕತ್ತಾವ." ಅವನು ಎರಡು ಅಡಿ ದೂರದಲ್ಲೇ ಕೂತಿರುತ್ತಿದ್ದ. ಅಹಲ್ಯಾ ಗಂಭೀರವಾಗಿ, "ರೊಟ್ಟಿ ಆರಾಕತ್ತಾವಂತ್ರಿ" ಎನ್ನುತ್ತಿದ್ದಳು. ಆರೇಳನೆಯ ದಿನ ಹಾಗೆ ಹೇಳುವಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಆ ವರ್ಷ ಅವನ ಮುಖ ನೋಡಿಕೊಂಡು ಅವಳು ನಕ್ಕದ್ದು ಅದೇ ಮೊದಲು ಎಂದು ಚಂದ್ರಕಾಂತನಿಗೆ ಅನಿಸಿತು.

ಅನಾಥ ಮಗುವನ್ನು ತರೋಣ ಎಂದು ಅಹಲ್ಯಾ ಬಾಯಿಬಿಟ್ಟದ್ದು ಡಿಸೆಂಬರಿನಲ್ಲಿ, ಅವ್ವನ ಮುಂದೆಯೇ. ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಯಾರ ಕುಡಿಯೋ ಏನೋ. ನನ್ನ ಮನಸ್ಸು ಇನ್ನಾ ಅಷ್ಟು ದೊಡ್ಡದು ಆಗಿಲ್ಲವ್ವಾ" ಎಂದು ನಿಜ ಹೇಳಿದಳು. ಮರುವಾರ ಕುಷ್ಟಗಿಯ ಬಸ್ಸು ಹತ್ತಿದಳು. ಬರಿಯ ಗಂಡ ಹೆಂಡತಿ ಉಳಿದ ಮನೆ ಎಷ್ಟೋ ದಿನ ದೊಡ್ಡದಾಗಿ ಕಾಣುತ್ತಿತ್ತು.

ಮಾರ್ಚಿನಲ್ಲಿ ಶಂಶಾಬಾದಿನ ಹೊಸ ವಿಮಾನ ನಿಲ್ದಾಣ ಶುರುವಾಗಿ ಊರೆಲ್ಲ ಅದರದೇ ಮಾತು. ಆ ದಿನಗಳಲ್ಲೇ ಅವ್ವನ ಫೋನು ಬಂತು. ಮಗನ ಕುಶಲ ಕೇಳಿ, ಆಮೇಲೆ, "ಆ ಮಗು ತರೂ ಅರ್ಜಿ ಕೊಟ್ಟೀರೇನು?" ಎಂದಳು. ಇನ್ನೂ ಇಲ್ಲ ಎಂದ. "ಮತ್ತ ಯಾವಾಗ ಕೊಡಾವ? ಇದಕ್ಕೂ ವರ್ಷ ತಗೀತಿಯೇನು?"

ಅರ್ಜಿ, ತಪಾಸಣೆ, ಕೋರ್ಟು ಎಲ್ಲ ಮುಗಿದು ಮಗು ಮನೆಗೆ ಬಂದದ್ದು ಎರಡು ಸಾವಿರದ ಒಂಬತ್ತರಲ್ಲಿ. ಎರಡು ವರ್ಷದ ಹುಡುಗಿ, ಶಿಶುಗೃಹದಲ್ಲಿ ಪಿಂಕಿ ಎಂದು ಕರೆಯುತ್ತಿದ್ದರು. ಬೇರೆ ಹೆಸರಿಟ್ಟು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ, ಹಾಗಾಗಿ ಪಿಂಕಿಯೇ ಉಳಿಯಿತು. ಸುದ್ದಿ ತಿಳಿದ ಮೂರನೆಯ ದಿನ ಅವ್ವ ಬಂದಳು. ಜೊತೆಯಲ್ಲಿ ಊರಿನ ಮಠದ ಅಯ್ಯನವರು, ಮಡಿಲಲ್ಲಿ ಲಿಂಗ ಇಡುವ ಬೆಳ್ಳಿಯ ಚಿಕ್ಕ ಕರಡಿಗೆ. ಅಂದೇ ಮಗುವಿಗೆ ಲಿಂಗಧಾರಣೆ ಮಾಡಿಸಿದಳು. ಮೇಲೆ ಬಂದು ಮೂಗು ಮುರಿಯುತ್ತ ನಿಂತಿದ್ದ ಗೋದಾಬಾಯಿಗೆ, "ಲಿಂಗ ಕಟ್ಟಿದ ಮ್ಯಾಲ ಯಾರ ಕುಲ ಅಂತ ಕೇಳಂಗಿಲ್ಲ ನಮ್ಮಾಗ. ಇದು ನನ್ನ ಮಗನ ಮಗಳು" ಎಂದಳು.

ಅವ್ವ ತೀರಿಕೊಂಡು ಈಗ ಬಹಳ ವರ್ಷಗಳಾದವು. ಮಣಿಕೊಂಡದ ಬಂಡೆಗಳೂ ಇಲ್ಲ. ಆದರೆ ಆ ದಿನ ಚಂದ್ರಕಾಂತನಿಗೆ ಚೆನ್ನಾಗಿ ನೆನಪಿದೆ. ಅಯ್ಯನವರು ಹಣೆಗೆ ವಿಭೂತಿ ಹಚ್ಚಿದ್ದೇ ಪಿಂಕಿ ಜೋರಾಗಿ ಅಳುತ್ತ ಕೂತವರನ್ನೆಲ್ಲ ನೋಡಿದಳು. ಅಹಲ್ಯಾ ಕೈ ಚಾಚಿದಳು, ಬರಲಿಲ್ಲ. ಅವನು ಚಾಚಿದ, ಬರಲಿಲ್ಲ. ನೇರ ಹೋಗಿ ಅವ್ವನ ತೊಡೆ ಹತ್ತಿ, ಆಕೆಯ ಹೊಸ ಇಳಕಲ್ ಸೀರೆಗೆ ಹಣೆ, ಮೂಗು ಎರಡನ್ನೂ ಒರೆಸಿಕೊಂಡಳು. ಅವ್ವ ಅಲುಗಾಡದೆ ಕೂತಿದ್ದಳು, ಮಗು ಎದ್ದು ಹೋದೀತೆಂಬ ಅಂಜಿಕೆಯಿಂದ.