ಹತ್ತು ಇಪ್ಪತ್ತರ ಕ್ಲಿಪ್ಪು

ಕ್ಲಿಪ್ಪು ತೆಗೆಯಲಿಲ್ಲ.

ಅವನು ಮಲಗಿದಲ್ಲಿಂದಲೇ ಕಪಾಟಿನ ಕನ್ನಡಿಯಲ್ಲಿ ನೋಡುತ್ತಲೇ ಇದ್ದ. ಹೆಂಡತಿ ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಅವನ ಮೂತ್ರದ ಹಳೆಯ ಚೀಲ ಬಿಚ್ಚಿ ಹೊಸದನ್ನು ಸಿಕ್ಕಿಸಿದಳು. ಚೀಲ ಬದಲಿಸುವಾಗ ಟ್ಯೂಬಿಗೆ ಪ್ಲಾಸ್ಟಿಕ್ ಕ್ಲಿಪ್ಪೊಂದನ್ನು ಹಾಕಬೇಕು, ಬದಲಿಸಿದ ಮೇಲೆ ತೆಗೆಯಬೇಕು. ಅವಳು ಹಾಕಿದಳು. ತೆಗೆಯದೆ ಎದ್ದಳು. ಕೈಗವಸು ಕಳಚಿ, ಕೂದಲು ಸರಿಮಾಡಿಕೊಂಡು ಹೊರಟೇಬಿಟ್ಟಳು. ಹನ್ನೊಂದಕ್ಕೆ ಅವಳಿಗೆ ಫೋನಿನಲ್ಲಿ ಸಂದರ್ಶನವಿತ್ತು.

ಗೋಡೆಯ ಗಡಿಯಾರದಲ್ಲಿ ಹತ್ತು ಇಪ್ಪತ್ತು. ಅವನು ಬಾಯಿ ಬಿಡಲಿಲ್ಲ.

ಬಾಯಿ ಬಿಡದಿರುವುದು ಅವನ ಕಸುಬಾಗಿತ್ತು. ಹದಿನಾರು ವರ್ಷ ಲಿಫ್ಟುಗಳ ತಪಾಸಣೆ ಮಾಡಿದವನು. ಮೆಕ್ಯಾನಿಕ್ ಒಂದು ಬೋಲ್ಟು ಬಿಗಿಮಾಡಲು ಮರೆತರೆ ಪಕ್ಕದಲ್ಲೇ ನಿಂತು ನೋಡುವನು. ಆ ಮೆಕ್ಯಾನಿಕ್ ಸಾಮಾನು ಕಟ್ಟಿಕೊಂಡು ಸಹಿ ಹಾಕುವ ತನಕ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆಮೇಲೆ ವರದಿ, ಗಂಟೆ ನಿಮಿಷದ ಸಮೇತ. ತಪ್ಪನ್ನು ನಡುವೆಯೇ ತಡೆದರೆ ಅದು ತಪ್ಪೇ ಆಗುವುದಿಲ್ಲ ಎನ್ನುವುದು ಅವನ ಸಿದ್ಧಾಂತ. ಮೆಕ್ಯಾನಿಕ್ಕುಗಳು ಬೆನ್ನ ಹಿಂದೆ ಹಲ್ಲು ಕಡಿಯುತ್ತಿದ್ದರು.

ಅಂಥವನು ಲಿಫ್ಟಿನಿಂದ ಬೀಳಲಿಲ್ಲ. ಸ್ವಂತ ಮನೆಯ ನಾಲ್ಕು ಮೆಟ್ಟಿಲು ಜಾರಿ ಕತ್ತು ಮುರಿದುಕೊಂಡ. ಮೂರು ವರ್ಷವಾಯಿತು. ಕತ್ತಿನಿಂದ ಕೆಳಗೆ ಯಾವುದೂ ಅವನ ಮಾತು ಕೇಳುವುದಿಲ್ಲ. ಕೇಳದಿದ್ದರೂ ನೋಯುತ್ತದೆ, ಅದೇ ತಮಾಷೆ. ಸೂಜಿ ಚುಚ್ಚಿದರೆ ಗೊತ್ತಾಗದ ಕಾಲು ದಿನವಿಡೀ ಕೆಂಡದ ಮೇಲಿಟ್ಟ ಹಾಗೆ ಉರಿಯುತ್ತದೆ. ಡಾಕ್ಟರು ಅದಕ್ಕೊಂದು ಉದ್ದದ ಹೆಸರು ಹೇಳಿ ಮಾತ್ರೆ ಬರೆದರು. ಮಾತ್ರೆಯಿಂದ ಬಾಯಿ ಒಣಗುತ್ತದೆ, ಉರಿ ಹಾಗೇ ಇದೆ.

ಬೆಳಿಗ್ಗೆ ಎದ್ದವರೇ ಜಗಳಕ್ಕೆ ಬಿದ್ದಿದ್ದರು. ಅವಳು ಮೊದಲು ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದಳು, ಅವನು ಬಿದ್ದ ತಿಂಗಳೇ ಬಿಟ್ಟಳು. ಈಗ ಮತ್ತೆ ಕರೆದಿದ್ದಾರೆ. ಹಗಲು ಹೊತ್ತಿಗೆ ಒಬ್ಬಳು ನರ್ಸ್ ಇರಲಿ ಎಂದಳು. ಹೊರಗಿನವರ ಕೈಯಲ್ಲಿ ತಪ್ಪಾಗುತ್ತದೆ ಎಂದ. ನನ್ನ ಕೈಯಲ್ಲಿ ಆಗುವುದಿಲ್ಲವಾ ಎಂದಳು. ಆಗುತ್ತದೆ, ಆದರೆ ನೀನು ಬೇಕಂತಲೇ ಮಾಡುವವಳು ಎಂದ. ಆಗ ಅವನನ್ನು ಮಗ್ಗುಲಾಗಿಸಿ ಬೆನ್ನಿನ ಹುಣ್ಣು ಒರೆಸುತ್ತಿದ್ದಳು. ಅವಳ ಕೈ ನಿಂತಿತೋ, ಒತ್ತಿತೋ, ಅವನಿಗೆ ತಿಳಿಯುವಂತಿರಲಿಲ್ಲ.

"ಇನ್ಸ್‌ಪೆಕ್ಟರ್ ಸಾಹೇಬ್ರು ಬರ್ಕೊಳ್ಳಿ" ಎಂದಷ್ಟೇ ಅಂದಿದ್ದಳು.

ಈಗ ಮನಸ್ಸಿನಲ್ಲೇ ಬರೆದುಕೊಳ್ಳುತ್ತಿದ್ದ. ಹತ್ತು ಇಪ್ಪತ್ತು, ಕ್ಲಿಪ್ಪು ತೆಗೆದಿಲ್ಲ. ಸಾಕ್ಷಿ, ಸ್ವತಃ. ಎಷ್ಟೋ ದಿನದ ಮೇಲೆ ಅವನಿಗೆ ಖುಷಿಯಾಯಿತು.

ಮೂತ್ರ ಕಟ್ಟಿಕೊಂಡರೆ ಏನಾಗುತ್ತದೆನ್ನುವುದು ಅವನಿಗೆ ಬಾಯಿಪಾಠ. ಹೊಟ್ಟೆಯೊಳಗೆ ತುಂಬಿದ ಸುದ್ದಿ ತಲೆಗೆ ಸರಿಯಾಗಿ ಮುಟ್ಟುವುದಿಲ್ಲ. ಬದಲಿಗೆ ರಕ್ತದ ಒತ್ತಡ ಏರುತ್ತದೆ. ಏರುತ್ತಲೇ ಹೋದರೆ ತಲೆಯೊಳಗೆ ರಕ್ತನಾಳ ಒಡೆದು ಮನುಷ್ಯ ಸಾಯುತ್ತಾನೆ. ಆಸ್ಪತ್ರೆಯವರು ಇಬ್ಬರನ್ನೂ ಎದುರಿಗಿಟ್ಟುಕೊಂಡು ಇದನ್ನು ಬಿಡಿಸಿ ಹೇಳಿದ್ದರು, ಇಬ್ಬರೂ ತಲೆಯಾಡಿಸಿದ್ದರು. ಅವನಿಗಂತೂ ಆಡಿಸಲು ಉಳಿದದ್ದೇ ಅದು.

ಹನ್ನೊಂದರವರೆಗೆ ಅವಳಿಗೆ ಅವಕಾಶ ಕೊಡೋಣ ಎಂದುಕೊಂಡ. ಹನ್ನೊಂದಾಯಿತು. ಪಕ್ಕದ ಕೋಣೆಯ ಬಾಗಿಲು ಮುಚ್ಚಿತು, ಅವಳ ಮಾತು ಸಣ್ಣಗೆ ಕೇಳತೊಡಗಿತು. ಈಗಲೇ ಕೂಗಬಹುದಿತ್ತು. ಸಂದರ್ಶನ ಒಂದು ಹದಕ್ಕೆ ಬರಲಿ, ಆಗ ಕೂಗಿದರೆ ಸರಿಯಾಗಿ ನಾಟುತ್ತದೆ ಎಂದು ಕಾದ.

ಗೋಡೆಯಾಚೆ ಅವಳು ನಕ್ಕಳು.

ಮೂರು ವರ್ಷದಿಂದ ಆ ನಗು ಕೇಳಿರಲಿಲ್ಲ. ಅದು ಸತ್ತುಹೋಗಿದೆ ಎಂದೇ ಅವನು ನಂಬಿದ್ದ, ಆ ನಂಬಿಕೆಯಲ್ಲಿ ಒಂಥರಾ ನೆಮ್ಮದಿಯೂ ಇತ್ತು. ಈಗ ನೋಡಿದರೆ ಯಾರೋ ಗುರುತಿಲ್ಲದವರಿಗೆ ಅವಳು ಅದನ್ನು ಧಾರಾಳವಾಗಿ ಕೊಡುತ್ತಿದ್ದಾಳೆ. ಅವನಿಗೆ ಮೈಯೆಲ್ಲ ಉರಿದುಹೋಯಿತು. ಅದು ಸಿಟ್ಟೋ, ದಿನದ ಉರಿಯೋ, ಬೇರೆ ಮಾಡಲಾಗಲಿಲ್ಲ.

ಹನ್ನೊಂದೂ ಇಪ್ಪತ್ತಕ್ಕೆ ಮೂಗು ಕಟ್ಟಿತು. ಮುಖದಿಂದ ಬೆವರು ಕಿವಿಯೊಳಕ್ಕೆ ಇಳಿಯಿತು. ಹಿಂದಲೆಯಲ್ಲಿ ಯಾರೋ ಬಾಗಿಲು ಬಡಿದಂತೆ ಶುರುವಾಯಿತು, ನಿಧಾನವಾಗಿ, ಬಿಡುವಿಲ್ಲದೆ. ಕೂಗಿದ. ಬಂದದ್ದು ಬರೀ ಉಸಿರು. ಎದೆಯ ಸ್ನಾಯುಗಳ ಬೆಂಬಲವಿಲ್ಲದ ಅವನ ದನಿ ಮೊದಲೇ ಅರ್ಧ, ಉಳಿದರ್ಧ ಹೆದರಿಕೆಗೆ ಹೋಯಿತು. ಇನ್ನೊಮ್ಮೆ ಕೂಗಿದ. ಆಚೆ ಅವಳು ಯಾವುದೋ ಯಂತ್ರದ ಹೆಸರನ್ನು ಹುರುಪಿನಿಂದ ಹೇಳುತ್ತಿದ್ದಳು. ಸಾಯುತ್ತೇನೆ ಎಂದು ಗೊತ್ತಾಯಿತು. ಸತ್ತರೆ ಈ ತಪ್ಪನ್ನು ಬರೆದಿಡುವವರು ಯಾರೂ ಇಲ್ಲ, ಮರೆವು ಎಂದು ಎಲ್ಲರೂ ಅವಳನ್ನು ಸಮಾಧಾನ ಮಾಡುತ್ತಾರೆ. ಅವನಿಗೆ ಅಳು ಬಂತು.

ಮೂರನೆಯ ಕೂಗು ಅವಳಿಗೆ ಹೇಗೆ ಮುಟ್ಟಿತೋ. ಬಾಗಿಲು ತೆಗೆದದ್ದೇ ಅವನ ಕೆಂಪು ಮುಖ ನೋಡಿದಳು, ಫೋನನ್ನು ಮೇಜಿನ ಮೇಲೆ ಎಸೆದಳು. ಮಂಚದ ತಲೆಯ ಕಡೆ ನೆಟ್ಟಗೆ ಎತ್ತಿದಳು. ಕಾಲು ಕೆಳಗಿಳಿಬಿಟ್ಟಳು, ಅಂಗಿಯ ಗುಂಡಿ ಬಿಚ್ಚಿದಳು. ಹೊಟ್ಟೆಯ ಕಡೆಯಿಂದ ಟ್ಯೂಬಿನ ಗುಂಟ ಬೆರಳು ಓಡಿಸಿ ಕ್ಲಿಪ್ಪಿನ ಹತ್ತಿರ ನಿಂತಳು. ತೆಗೆದಳು. ತೋಳಿಗೆ ಕಟ್ಟಿದ ರಕ್ತದೊತ್ತಡದ ಯಂತ್ರ ಇನ್ನೂರ ಹತ್ತು ತೋರಿಸಿತು, ಆಮೇಲೆ ನೂರ ಎಪ್ಪತ್ತು, ಆಮೇಲೆ ನೂರ ಮೂವತ್ತು. ಚೀಲ ಸದ್ದು ಮಾಡುತ್ತ ತುಂಬಿತು.

ಅವಳು ನೆಲದ ಮೇಲೆ ಕುಸಿದು ಕೂತಳು. ತಪ್ಪು ನನ್ನದೇ, ಫೋನಿನ ಗಡಿಬಿಡಿಯಲ್ಲಿ ಮರೆತೆ, ನೀವು ಹೇಳಿದ್ದೇ ಸರಿ, ನನಗೆ ಕೆಲಸವೂ ಬೇಡ ಏನೂ ಬೇಡ ಎಂದಳು. ಅವನು ಬಯಸಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು.

"ಯಾವಾಗ ಮರ್ತೆನೋ ಅದೂ ಗೊತ್ತಿಲ್ಲ" ಎಂದಳು.

"ಹತ್ತು ಇಪ್ಪತ್ತಕ್ಕೆ" ಎಂದ.

ಹದಿನಾರು ವರ್ಷದ ಅಭ್ಯಾಸ ಅವನಿಗಿಂತ ಮುಂಚೆ ಬಾಯಿ ತೆರೆದಿತ್ತು. ಅವಳು ತಲೆಯೆತ್ತಿದಳು. ಗಡಿಯಾರ ನೋಡಿದಳು, ಕಪಾಟಿನ ಕನ್ನಡಿ ನೋಡಿದಳು. ಆಮೇಲೆ ಬಹಳ ಹೊತ್ತು ಅವನನ್ನು ನೋಡಿದಳು.

"ನೋಡಿದ್ರಾ?"

ಅವನು ಕಣ್ಣು ಮುಚ್ಚಿದ.

"ನೋಡಿ ಸುಮ್ನಿದ್ರಾ?"

"ನಿಂಗೆ ನೆನಪಾಗತ್ತಾ ಅಂತ ನೋಡ್ತಿದ್ದೆ."

ಅವಳು ಕಿರುಚಲಿಲ್ಲ. ಎದ್ದು ಅವನ ಮುಖದ ಬೆವರು ಒರೆಸಿದಳು, ಮೇಜು ಒರೆಸುವ ಹಾಗೆ, ಮೂಲೆಯನ್ನೂ ಬಿಡದೆ. ಸೋಮವಾರದಿಂದ ಬನ್ನಿ ಎಂದು ಲ್ಯಾಬಿನವರು ಹೇಳಿದ್ದಾರೆ ಎಂದಳು.

"ಏನು ಹೇಳ್ದೆ?" ಎಂದ.

ಅವಳು ಕಿಟಕಿಯ ಪರದೆ ಅರ್ಧ ಸರಿಸಿದಳು.

ನೆಟ್ಟಗೆ ಕೂತಿದ್ದರಿಂದ ಕಿಟಕಿಯಾಚೆಗೆ ಕಣ್ಣು ಹೋಗುತ್ತಿತ್ತು. ಎದುರು ಕಟ್ಟಡದಲ್ಲಿ ಒಬ್ಬ ಹೆಂಗಸು ಬಟ್ಟೆ ಹರವುತ್ತಿದ್ದಳು. ಇಷ್ಟು ದಿನ ಕಾಣದ ಮುಖವೊಂದು ಕಿಟಕಿಯಲ್ಲಿ ಕಂಡು, ಹೊಸದಾಗಿ ಬಂದ ನೆರೆಯವನೆಂದುಕೊಂಡಳೋ ಏನೋ, ನಕ್ಕು ಕೈ ಬೀಸಿದಳು.

ಹೆಂಡತಿ ಪರದೆಯ ಮರೆಯಲ್ಲಿದ್ದಳು, ಆ ಹೆಂಗಸಿಗೆ ಕಾಣುತ್ತಿರಲಿಲ್ಲ. ಅವನ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಎತ್ತಿದಳು. ಹಿಡಿತ ಅವನಿಗೆ ತಿಳಿಯಲಿಲ್ಲ. ತನ್ನ ಕೈ ತನ್ನ ಕಣ್ಣೆದುರಿಗೆ ಏರಿ, ಆ ಕಡೆಗೂ ಈ ಕಡೆಗೂ ಆಡುವುದು ಮಾತ್ರ ಕಂಡಿತು. ಎದುರಿನವಳು ಇನ್ನಷ್ಟು ನಕ್ಕಳು, ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

"ಸಾಕು" ಎಂದ.

ಅವಳು ಕಿಟಕಿಯ ಕಡೆ ನೋಡುತ್ತಿರಲಿಲ್ಲ. ಅವನನ್ನೂ ನೋಡುತ್ತಿರಲಿಲ್ಲ.

"ಸಾಕು, ಬಿಡೇ."

ಎದುರಿಗೆ ಒದ್ದೆ ಬಟ್ಟೆಗಳಷ್ಟೇ ಇದ್ದವು. ಅವನ ಕೈ ಬೀಸುತ್ತಲೇ ಇತ್ತು.